ಹೆಬ್ಬೆಟ್ಟು ಹಿಡಿದ ಕೈ

ನನ್ನ ಎಡಗೈಯನ್ನು ಕಿವಿಗೆ ಹಿಡಿದುಕೊಂಡರೆ, ದೂರದಲ್ಲಿ ಎಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವಂಥ ಸದ್ದು ಕೇಳುತ್ತದೆ. ಡಯಾಲಿಸಿಸ್‌ಗೆಂದು ಡಾಕ್ಟರು ಎರಡು ರಕ್ತನಾಳಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದ ಜಾಗ ಅದು. ಬೆಳಿಗ್ಗೆ ಎದ್ದ ಕೂಡಲೇ ಆ ಸದ್ದು ಇದೆಯೇ ಎಂದು ಕೇಳಿಸಿಕೊಳ್ಳಬೇಕು. ಇದ್ದರೆ ಆ ದಿನದ ಮಟ್ಟಿಗೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಮೂರು ವರ್ಷಗಳಿಂದ ದಿನವೂ ಕೇಳಿಸುತ್ತಿದೆ. ಈಗ ನಾನು ದೇವರಿಗೆ ಕೈ ಮುಗಿಯುವ ಮೊದಲು ಆ ಕೈಯ ಮಾತನ್ನೇ ಕೇಳುತ್ತೇನೆ.

ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗಿರುತ್ತೇನೆ. ಪಕ್ಕದ ಹಾಸಿಗೆಗೆ ಹೊಸಬರು ಬಂದರೆ ಅವರು ಕೇಳುವುದು ಎರಡೇ ಪ್ರಶ್ನೆ. ಸೂಜಿ ಬಹಳ ನೋಯುತ್ತದೆಯೇ? ಮನೆಯಲ್ಲಿ ಯಾರೂ ಕಿಡ್ನಿ ಕೊಡಲಿಲ್ಲವೇ? ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಇಷ್ಟು ದಿನ ‘ಹೊಂದಲಿಲ್ಲ’ ಎಂದು ಹೇಳಿ ಮುಗಿಸುತ್ತಿದ್ದೆ. ಅದು ಸುಳ್ಳು. ನಿಜ ಏನೆಂದು ಬರೆಯಲು ಕುಳಿತಿದ್ದೇನೆ. ಮನೆಯವರಲ್ಲಿ ಯಾರ ಕಿಡ್ನಿ ಸಿಗಬಹುದೆಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕುಳಿತಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಲಿ.

ನಮ್ಮೂರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಹತ್ತನೆಯ ಇಯತ್ತೆ ಪಾಸಾದ ವರ್ಷವೇ ಮುಂಬಯಿಗೆ ಬಂದೆ. ರಸ್ತೆ ಅಗೆದು ಪೈಪು ಹಾಕುವ ಕಂತ್ರಾಟುದಾರರ ಹತ್ತಿರ ಮುಕಾದಮನಾಗಿ ನಲವತ್ತು ವರ್ಷ ದುಡಿದೆ. ಮುಕಾದಮನೆಂದರೆ ಕೂಲಿಯವರ ಮುಂದಾಳು. ಊರ ಕಡೆಯಿಂದ ಆಳುಗಳನ್ನು ಕರೆತರುವುದು, ಹಾಜರಿ ಹಾಕುವುದು, ಅವರ ಪರವಾಗಿ ಸಾಹೇಬರ ಮುಂದೆ ಮಾತಾಡುವುದು ನನ್ನ ಕೆಲಸ. ಅವರಲ್ಲಿ ಬಹಳ ಜನಕ್ಕೆ ಓದಲು ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಏನಾದರೂ ಕಾಗದ ಬಂದರೆ ನಾನು ಹಿಂದಿನಿಂದ ಅವರ ಮಣಿಕಟ್ಟು ಹಿಡಿದು, ಹೆಬ್ಬೆಟ್ಟನ್ನು ಮಸಿಗೆ ತಿಕ್ಕಿ, ಕಾಗದದ ಮೇಲೆ ಒಮ್ಮೆ ಹೊರಳಿಸಿ ಬಿಡುತ್ತಿದ್ದೆ. ‘ಒತ್ತು’ ಎಂದೂ ಹೇಳುತ್ತಿರಲಿಲ್ಲ. ಚಹಾ ಆರುವುದರೊಳಗೆ ಇಡೀ ಗ್ಯಾಂಗಿನ ಹೆಬ್ಬೆಟ್ಟು ಮುಗಿಸುತ್ತೇನೆಂಬ ಹೆಮ್ಮೆ ನನಗಿತ್ತು. ಆ ಕಾಗದಗಳಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ರೋಗ ಬಂದದ್ದು ನನ್ನ ಕೈಯಾರೆ. ಮೊಣಕಾಲ ನೋವಿಗೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ವರ್ಷಗಟ್ಟಲೆ ನುಂಗಿದೆ. ಬಿ.ಪಿ. ಗುಳಿಗೆಯನ್ನು ನೆನಪಾದಾಗ ಮಾತ್ರ ನುಂಗಿದೆ. ಮೊದಲು ಚಪ್ಪಲಿಯ ಪಟ್ಟಿ ಬಿಗಿಯಾಯಿತು. ಆಮೇಲೆ ಊಟ ಸೇರದಾಯಿತು. ಕಬ್ಬಿಣ ಚೀಪಿದಂಥ ರುಚಿ ಬಾಯಲ್ಲಿ ಸದಾ ಇರುತ್ತಿತ್ತು. ಒಂದು ಮುಂಜಾನೆ ತಂಗಿ ಶಾಂತವ್ವ ಚಹಾ ಕೊಡಲು ಬಂದವಳು ನನ್ನನ್ನು ನೋಡಿ ನಿಂತಳು.

“ಅಣ್ಣಾ, ನಿನ್ನ ಮಾರಿ ಪುರಿ ಉಬ್ಬಿದಂಗ ಉಬ್ಬೈತಿ. ನಡಿ ದವಾಖಾನಿಗೆ.”

ದೊಡ್ಡ ಆಸ್ಪತ್ರೆಯ ಹಾಲಿನಲ್ಲಿ ಅರ್ಧ ದಿನ ಕುಳಿತೆವು. ಗೋಡೆಯ ಮೇಲೆ ಕೆಂಪು ಅಂಕಿಗಳು ಬದಲಾಗುತ್ತಿದ್ದವು. ನಮ್ಮ ನಂಬರು ಹತ್ತಿರ ಬಂದಷ್ಟೂ ಅದು ಬರದಿದ್ದರೇ ಒಳ್ಳೆಯದೆನ್ನಿಸುತ್ತಿತ್ತು. ಡಾಕ್ಟರು ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ರಿಪೋರ್ಟು ನೋಡಿ, “ಕಾಕಾ, ದೋನೋ ಕಿಡ್ನಿ ಜಾ ಚುಕೀ ಹೈ” ಎಂದರು. ಎರಡೂ ಹೋಗಿವೆ.

“ಎಲ್ಲಿಗೆ ಹೋದವು ಸಾಹೇಬ್?” ಎಂದು ಕೇಳಿಬಿಟ್ಟೆ. ತಲೆ ಓಡುತ್ತಿರಲಿಲ್ಲ.

ಅವರು ನಗಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ಹೇಳಿದರು. ಹೊರಗೆ ಅಷ್ಟು ಜನ ಕಾದಿದ್ದರೂ ಆ ಹುಡುಗ ನನಗಾಗಿ ಕುರ್ಚಿ ಎಳೆದುಕೊಂಡದ್ದನ್ನು ನಾನು ಮರೆತಿಲ್ಲ. ಇನ್ನು ಮುಂದೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ಇರಬೇಕು, ಇಲ್ಲವೇ ಮನೆಯವರಲ್ಲಿ ಒಬ್ಬರು ಕಿಡ್ನಿ ಕೊಡಬೇಕು, ಇಲ್ಲವೇ ತೀರಿಹೋದವರ ಕಿಡ್ನಿಗಾಗಿ ಹೆಸರು ಬರೆಸಿ ಕಾಯಬೇಕು ಎಂದರು. ನಾನು ಕೇಳಿಸಿಕೊಂಡದ್ದು ನಡುವಿನ ಮಾತನ್ನು ಮಾತ್ರ.

ಆ ಭಾನುವಾರ ಮಗ ಪ್ರಕಾಶ ಬೊರಿವಲಿಯಿಂದ ಬಂದ. ವಡಾಲದ ನಮ್ಮ ಮನೆಯ ಹೊರ ಕೋಣೆಯಲ್ಲಿ ಕುಳಿತೆವು. ಶಾಂತವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಹೆಂಡತಿ ಕಸ್ತೂರಿಗೆ ಸಕ್ಕರೆ ಕಾಯಿಲೆ. ಅವಳದು ನಡೆಯುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು.

“ಪಪ್ಪಾ, ನಂದು ಚೆಕ್ ಮಾಡ್ಸೋಣ. ಟೆನ್ಶನ್ ಮತ್ ಲೋ,” ಎಂದ ಪ್ರಕಾಶ.

“ನೀ ಸುಮ್ನ ಕೂಡು,” ಎಂದಳು ಕಸ್ತೂರಿ. “ಎರಡು ಸಣ್ಣ ಕೂಸು ಕಟಗೊಂಡು ಹೊಟ್ಟಿ ಕೊಯ್ಸಕೊಳ್ಳಾಂವ ಬಂದ.”

ನಾನೂ ಬೇಡವೆಂದು ತಲೆಯಾಡಿಸಿದೆ. ಯಾರೂ ಅಡುಗೆಮನೆಯ ಕಡೆಗೆ ನೋಡಲಿಲ್ಲ. ಆದರೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಅಣ್ಣ ಹೆಂಗ ಅಂತಾನ ಹಂಗ,” ಎಂದಳು ಶಾಂತವ್ವ ಒಳಗಿನಿಂದ. ಮತ್ತೆ ರೊಟ್ಟಿಯ ಸದ್ದು ಶುರುವಾಯಿತು.

ನಮ್ಮ ಕಡೆ ಆ ಮಾತಿಗೆ ಒಪ್ಪಿಗೆ ಎಂದೇ ಅರ್ಥ. ಮದುವೆಗೆ ಹುಡುಗನನ್ನು ತೋರಿಸಿದಾಗ ಹೆಣ್ಣುಮಕ್ಕಳು ಹಾಗೇ ಹೇಳುತ್ತಾರೆ. ಶಾಂತವ್ವನೂ ಹಾಗೇ ಹೇಳಿ ಮದುವೆಯಾದಳು. ಇಪ್ಪತ್ತೆರಡಕ್ಕೆ ಗಂಡ ಸತ್ತ. ನಾನು ಹೋಗಿ ಕರೆತಂದೆ. ಬರುತ್ತೀಯಾ ಎಂದು ಕೇಳಿದ ನೆನಪಿಲ್ಲ. ಅಂದಿನಿಂದ ಮೂವತ್ತು ವರ್ಷಕ್ಕೂ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಪ್ರಕಾಶನನ್ನು ಎತ್ತಿ ಆಡಿಸಿದವಳು ಅವಳು. ನಮ್ಮವ್ವನ ಕೊನೆಗಾಲದಲ್ಲಿ ಹೇಲು ಉಚ್ಚೆ ಬಳಿದವಳೂ ಅವಳೇ.

ರಕ್ತದ ಗುಂಪು ಕೂಡಿತು. ಮುಂದಿನ ಪರೀಕ್ಷೆಗಳೂ ಚೆನ್ನಾಗಿ ಕೂಡಿದವು. ನಾನು ಆ ದಿನಗಳಲ್ಲಿ ಎಷ್ಟು ಖುಷಿಯಾಗಿದ್ದೆನೆಂದರೆ, ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಶಾಂತವ್ವನಿಗೆ ದಿನಕ್ಕೆ ಎರಡು ಸಲ ಹಾಲು ಕೊಡಬೇಕೆಂದು ಕಸ್ತೂರಿಗೆ ತಾಕೀತು ಮಾಡಿದೆ. ಬಕೆಟ್ ಎತ್ತಲು ಬಿಡಲಿಲ್ಲ. ಸೀನಿದರೆ ಕಂಬಳಿ ಹೊದಿಸಿದೆ.

“ಹಬ್ಬದ ಮುಂದ ಕುರಿಗೆ ಮೇವು ಹಾಕಿದಂಗ ಆತಲ್ಲೋ ಅಣ್ಣಾ,” ಎಂದು ಅವಳು ನಕ್ಕಳು. ನಾನೂ ನಕ್ಕೆ.

ಕೊಡುವವರನ್ನು ಆಸ್ಪತ್ರೆಯವರು ಒಮ್ಮೆ ಮಾತಾಡಿಸಬೇಕು, ಕಾಗದಕ್ಕೆ ಸಹಿ ಮಾಡಿಸಿಕೊಳ್ಳಬೇಕು. ಆ ಕೆಲಸಕ್ಕಿದ್ದವರು ಅನುಜಾ ಎಂಬ ಮರಾಠಿ ಹೆಣ್ಣುಮಗಳು. ಕನ್ನಡಕ, ಹತ್ತಿಯ ಸೀರೆ, ಮೆಲು ಮಾತು. ಶಾಂತವ್ವನಿಗೆ ಹಿಂದಿ ಮಾರುಕಟ್ಟೆಗೆ ಸಾಕಾಗುವಷ್ಟು ಬರುತ್ತದೆ, ಅದಕ್ಕಿಂತ ಹೆಚ್ಚಿಗೆ ಬರುವುದಿಲ್ಲ. ಅನುಜಾ ಮೇಡಂ ಅವಳನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ಹೌದು, ಅವಳ ಇಚ್ಛೆಯೇ. ಹೌದು, ಹೆದರಿಕೆ ಇಲ್ಲ. ಹೌದು, ಎಲ್ಲ ತಿಳಿದಿದೆ. ಅವರು ಕಾಗದವನ್ನು ಮೇಜಿನ ಮೇಲಿಟ್ಟು, ಓದಿ ಹೇಳಲು ಕನ್ನಡಕ ಸರಿಮಾಡಿಕೊಂಡರು. ಪಕ್ಕದಲ್ಲಿ ಮಸಿಯ ಪ್ಯಾಡು ಇತ್ತು.

ನಾನು ಯೋಚಿಸಿ ಮಾಡಿದ್ದಲ್ಲ. ನನ್ನ ಕೈ ತಾನಾಗಿ ಹೋಯಿತು. ಶಾಂತವ್ವನ ಹಿಂದೆ ನಿಂತು, ಮಣಿಕಟ್ಟು ಹಿಡಿದು, ಹೆಬ್ಬೆಟ್ಟನ್ನು ಮಸಿಗೆ ತಿಕ್ಕಿ ಕಾಗದದ ಮೇಲೆ ತಂದಿದ್ದೆ. ಅಷ್ಟರಲ್ಲಿ ಅನುಜಾ ಮೇಡಂ ತಮ್ಮ ಅಂಗೈಯನ್ನು ಕಾಗದದ ಮೇಲೆ ಇಟ್ಟರು. ಹೆಬ್ಬೆಟ್ಟಿನ ಮಸಿ ಅವರ ಕೈ ಮೇಲೆ ಬಿತ್ತು.

“ಕಾಕಾ, ಉನಕಾ ಹಾಥ್ ಛೋಡಿಯೇ.” ಅವರ ಕೈ ಬಿಡಿ.

ದನಿ ಏರಿಸಲಿಲ್ಲ. ನಾನು ಬಿಟ್ಟೆ. ಶಾಂತವ್ವ ತನ್ನ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು.

ಆಮೇಲೆ ಅವರು ಫೋನು ಮಾಡಿ ಕೆಳಗಿನ ವಾರ್ಡಿನಿಂದ ಒಬ್ಬ ನರ್ಸಮ್ಮನನ್ನು ಕರೆಸಿದರು. ಕನ್ನಡ ಬರುತ್ತದೆಂದು ಕರೆಸಿದ್ದು. ಪ್ರೆಸಿಲ್ಲಾ ಸಿಸ್ಟರ್ ಎಂದು ಹೆಸರು, ಉಡುಪಿ ಕಡೆಯವರು. ಅವರು ಶಾಂತವ್ವನ ಎದುರಿಗೆ ಕುಳಿತು ನಿಧಾನವಾಗಿ ಕೇಳಿದರು.

“ಅಮ್ಮಾ, ಇದಕ್ಕೆ ನಿಮಗೆ ಮನಸ್ಸು ಉಂಟಾ?”

“ಊಟಾನ?” ಎಂದಳು ಶಾಂತವ್ವ. “ಇನ್ನೂ ಇಲ್ರಿ. ಮುಂಜಾನಿ ಬರೇ ಚಹಾ ಕುಡದು ಬಂದೀನ್ರಿ.”

“ಊಟ ಅಲ್ಲ ಮಾರಾಯ್ರೇ. ಮನಸ್ಸು, ಮನಸ್ಸು ಉಂಟಾ ಅಂತ.”

ನಾನು ನಡುವೆ ಬಾಯಿ ಹಾಕಿದೆ. “ಮನಸ್ಸು ಐತೇನು ಅಂತ ಕೇಳಾಕತ್ತಾರ. ಐತಿ ಅನ್ನು.”

ಪ್ರೆಸಿಲ್ಲಾ ಸಿಸ್ಟರ್ ನನ್ನ ಕಡೆ ತಿರುಗಿದರು. “ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನಮ್ಮಿಬ್ಬರಿಗೆ ಊಟ ಯಾವುದು, ಉಂಟು ಯಾವುದು ಅಂತ ನಾವೇ ನೋಡ್ಕೊಳ್ತೇವೆ.”

ಹೊರಗೆ ಬೆಂಚಿನ ಮೇಲೆ ಕುಳಿತೆ. ಬಾಗಿಲು ಮುಚ್ಚಿತು. ನನ್ನ ಆಳುಗಳಲ್ಲಿ ಯಾರೂ ನನ್ನನ್ನು ಬಿಟ್ಟು ಸಾಹೇಬರ ಕೂಡ ಮಾತಾಡಿದ್ದಿಲ್ಲ. ನಮ್ಮ ಮನೆಯಲ್ಲಂತೂ ಇಲ್ಲ. ಒಂದು ತಾಸಿನ ಮೇಲಾಯಿತು. ಒಳಗಿನಿಂದ ಒಮ್ಮೆ ಮೂವರೂ ನಕ್ಕ ಸದ್ದು ಕೇಳಿತು. ಶಾಂತವ್ವ ಅಷ್ಟು ಜೋರಾಗಿ ನಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ಏನು ಕೇಳಿದರು ಎಂದರೆ, “ಎಲ್ಲಾ ಕೇಳಿದ್ರು” ಎಂದಳು. ಹೆಬ್ಬೆಟ್ಟು ಒತ್ತಿದೆಯಾ ಎಂದರೆ, “ಮುಂದಿನ ವಾರ ಬರ್ರಿ ಅಂದಾರ” ಎಂದಳು.

ಮುಂದಿನ ವಾರ ಡಾಕ್ಟರು ಹೇಳಿದ್ದು ಒಂದೇ ಮಾತು. “ಕಾಕಾ, ನಿಮ್ಮ ತಂಗಿ ಕಿಡ್ನಿ ಕೊಡಲು ಆಗುವುದಿಲ್ಲ.”

ಎಲ್ಲ ಕೂಡಿದೆ ಎಂದವರು ನೀವೇ ಅಲ್ಲವೇ ಎಂದೆ. ಯಾಕೆ ಆಗುವುದಿಲ್ಲವೆಂದು ಕೇಳಿದೆ. ಅವಳ ರಿಪೋರ್ಟು ತೋರಿಸಿ ಎಂದೆ. ಡಾಕ್ಟರು, ಅದು ನಿಮ್ಮ ತಂಗಿಯದು, ನಿಮಗೆ ತೋರಿಸುವಂತಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಹೊರಗಿನ ಓಣಿಯಂಥ ಹಾದಿಯಲ್ಲಿ, ಜನರೆಲ್ಲ ನೋಡುತ್ತಿರುವಂತೆ ಕನ್ನಡದಲ್ಲಿ ಕೂಗಾಡಿದೆ. “ನಾ ಸಾಕಿದ ಹೆಣ್ಮಗಳು. ಅಕಿದು ನನಗ ಹೇಳೂದಿಲ್ಲಂದ್ರ ಏನು? ಅಕಿ ಯಾರಾಕಿ? ನಾ ಹಾಕಿದ ಅನ್ನಾ ಉಂಡ ಮೈ ಅದು.” ಡಾಕ್ಟರಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅಲ್ಲಿ ಕನ್ನಡ ತಿಳಿಯುವವಳು ಒಬ್ಬಳೇ ಇದ್ದಳು. ಅವಳು ಫೈಲಿನ ಚೀಲ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು.

ಲೋಕಲ್ ಇಳಿದು ವಡಾಲ ಸ್ಟೇಶನ್ನಿನ ಬೆಂಚಿನ ಮೇಲೆ ದಮ್ಮು ಆರಿಸಿಕೊಳ್ಳಲು ಕುಳಿತೆ. ಆಗ ಶಾಂತವ್ವ ನಿಂತುಕೊಂಡೇ ಹೇಳಿದಳು.

“ಅಣ್ಣಾ, ಆ ಡಾಕ್ಟರಗ ಬೈಬ್ಯಾಡ. ಅವರದೇನೂ ಇಲ್ಲ. ನಾನ ಒಲ್ಲೆ ಅಂದೀನಿ.”

ಎದುರಿನ ಹಳಿಯಲ್ಲಿ ಗಾಡಿ ಬಂತು. ಅದು ಹೋದ ಮೇಲೆ ಕೇಳಿದೆ.

“ಏನಂದಿ?”

“ಒಲ್ಲೆ ಅಂದೀನಿ. ಕೇಳಿದ್ರು, ಹೇಳೀನಿ.” ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, “ಟ್ರಂಕು ಕಟ್ಟಿ ಇಟ್ಟೀನಿ. ಹೋಗು ಅಂದ್ರ ಹೋಗ್ತೀನಿ” ಎಂದಳು.

“ಎಲ್ಲಿಗೆ ಹೋಗ್ತಿ?”

“ಆ ಸಿಸ್ಟರೂ ಅದನ್ನ ಕೇಳಿದ್ಲು. ಗೊತ್ತಿಲ್ರಿ ಅಂದೆ.”

ನಾನು ಎದ್ದು ನಡೆದೆ. ಅವಳು ಹತ್ತು ಹೆಜ್ಜೆ ಹಿಂದೆ ಬಂದಳು. ಮನೆಗೆ ಹೋಗಿ ನೋಡಿದೆ. ನಿಜವಾಗಿಯೂ ಟ್ರಂಕು ಬಾಗಿಲ ಹಿಂದೆ ಇತ್ತು. ಮೂವತ್ತು ವರ್ಷದ ಸಂಸಾರವನ್ನು ಅವಳು ಒಂದು ಟ್ರಂಕಿನಲ್ಲಿ ಹಿಡಿಸಿದ್ದಳು.

ಈಗ ಬರೆಯುವುದು ಎಲ್ಲಕ್ಕಿಂತ ಕಷ್ಟ. ಮೂರು ದಿನ ನಾನು ಅವಳ ಕೂಡ ಮಾತಾಡಲಿಲ್ಲ. ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಕಿಡ್ನಿ ಹೋದವರಿಗೆ ನೀರು ಅಳತೆಯಲ್ಲಿ ಕೊಡುತ್ತಾರೆ. ಬಾಯಿ ಒಣಗಿದಾಗ ಚೀಪಲು ಶಾಂತವ್ವ ಬಟ್ಟಲಲ್ಲಿ ಎರಡು ತುಂಡು ಐಸು ತಂದಿಡುತ್ತಿದ್ದಳು. ಆ ಮೂರು ದಿನವೂ ತಂದಿಟ್ಟಳು. ನಾನು ಅದನ್ನು ಕರಗಲು ಬಿಟ್ಟೆ. ನಾಲಿಗೆ ಅಂಗುಳಿಗೆ ಅಂಟುತ್ತಿದ್ದರೂ ಬಟ್ಟಲು ಮುಟ್ಟಲಿಲ್ಲ. ಅವಳು ಬಂದು ನೀರು ಚೆಲ್ಲಿ ಮತ್ತೆ ಹೊಸ ಐಸು ಇಟ್ಟು ಹೋಗುತ್ತಿದ್ದಳು.

ಡಯಾಲಿಸಿಸ್ ಆಗಲೇ ಶುರುವಾಗಿತ್ತು. ಎರಡನೆಯ ದಿನ ಅದರ ಸರದಿ ಇತ್ತು. ಪಕ್ಕದ ಹಾಸಿಗೆ ಇಸ್ಮಾಯಿಲ್ ಭಾಯಿಯದು. ಧಾರಾವಿಯಲ್ಲಿ ಬೆಲ್ಟು ಹೊಲಿಯುವವರು. ಅವರ ಹೆಂಡತಿ ಹಿಂದೆ ಒಂದು ಕಿಡ್ನಿ ಕೊಟ್ಟಿದ್ದರು. ಕೆಲವು ವರ್ಷ ನಡೆದು ಅದೂ ನಿಂತು, ಅವರು ಮತ್ತೆ ಯಂತ್ರಕ್ಕೆ ಬಂದಿದ್ದರು.

“ಕ್ಯಾ ಮುಕಾದಮ್, ಆಜ್ ಬಿ.ಪಿ. ಚಢಾ ಹುವಾ ಹೈ. ಘರ್ ಮೇ ಝಗಡಾ?” ಎಂದರು, ಬಿ.ಪಿ. ಏರಿದೆ, ಮನೆಯಲ್ಲಿ ಜಗಳವೇ ಎಂದು.

ಎಲ್ಲ ಹೇಳಿದೆ. ತಂಗಿ ಕೈಬಿಟ್ಟಳು ಎಂದೆ. ಅವರು ಮೇಲಿನ ಫ್ಯಾನು ನೋಡುತ್ತಲೇ ತಮ್ಮ ಕತೆ ಹೇಳಿದರು. ಆಪರೇಷನ್ನಿನ ಹಿಂದಿನ ದಿನ ಅವರ ಹೆಂಡತಿ ಒಂದು ಮಾತು ಕೇಳಿದಳಂತೆ. ‘ನನಗೆ ಬೇಕಾಗಿದ್ದರೆ ನೀವು ಕೊಡುತ್ತಿದ್ದಿರಾ?’ ಇವರು ಕೊಡುತ್ತಿದ್ದೆ ಎಂದರಂತೆ. “ನಿಜ ಹೇಳಿದೆನೋ ಸುಳ್ಳು ಹೇಳಿದೆನೋ ಇವತ್ತಿಗೂ ತಿಳಿದಿಲ್ಲ” ಎಂದು ನಕ್ಕು, ನನ್ನ ಕಡೆ ಹೊರಳಿದರು. “ತೂ ದೇತಾ? ಬಹನ್ ಕೋ?”

ತಂಗಿಗೆ ನಾನು ಕೊಡುತ್ತಿದ್ದೆನೇ ಎಂದು. ಶಾಂತವ್ವನಿಗೆ ಕಿಡ್ನಿ ಹೋಗಿದ್ದರೆ ನಮ್ಮ ಮನೆಯಲ್ಲಿ ಹಾಗೊಂದು ಭಾನುವಾರದ ಸಭೆಯೇ ಕೂಡುತ್ತಿರಲಿಲ್ಲ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಪಾಪ, ಅವಳ ಹಣೆಬರಹ ಎನ್ನುತ್ತಿದ್ದೆವು.

ಉಳಿದ ಎರಡು ತಾಸಿನಲ್ಲಿ ಒಂದು ಹಳೆಯ ವಿಷಯ ತಾನಾಗಿ ಎದ್ದು ಬಂತು. ಶಾಂತವ್ವ ನಮ್ಮ ಮನೆಗೆ ಬಂದ ನಾಲ್ಕನೆಯ ವರ್ಷ. ನಮ್ಮ ಜನರಲ್ಲಿ ಗಂಡ ಸತ್ತವರಿಗೆ ಮತ್ತೆ ಮದುವೆ ಮಾಡುವ ಪದ್ಧತಿ ಇದೆ, ಉಡಕಿ ಎನ್ನುತ್ತಾರೆ. ನನ್ನ ಗ್ಯಾಂಗಿನಲ್ಲೇ ಒಬ್ಬ ಒಳ್ಳೆಯ ಮನುಷ್ಯನಿದ್ದ, ಹೆಂಡತಿ ತೀರಿಕೊಂಡವನು. ಶಾಂತವ್ವನನ್ನು ಉಡಕಿ ಮಾಡಿಕೊಳ್ಳುತ್ತೇನೆಂದು ನನ್ನನ್ನು ಕೇಳಿದ. ಆಗ ಅವ್ವ ಹಾಸಿಗೆ ಹಿಡಿದಿದ್ದಳು, ಪ್ರಕಾಶ ಸಣ್ಣವನು. “ಅಕಿಗೆ ಮನಸ್ಸಿಲ್ಲ” ಎಂದು ಹೇಳಿ ಅವನನ್ನು ಕಳಿಸಿದೆ. ಶಾಂತವ್ವನಿಗೆ ಹೇಳಲೇ ಇಲ್ಲ. ಯಾವುದೋ ಹೆಂಗಸಿನ ಬಾಯಿಂದ ಆಮೇಲೆ ಅವಳಿಗೆ ತಿಳಿಯಿತು. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಇಷ್ಟು ವರ್ಷ ನಾನದನ್ನು ತಪ್ಪೆಂದೇ ಎಣಿಸಿರಲಿಲ್ಲ.

ಮೂರನೆಯ ದಿನ ಒಬ್ಬನೇ ಅನುಜಾ ಮೇಡಂ ಹತ್ತಿರ ಹೋದೆ. ಕ್ಷಮೆ ಕೇಳಬೇಕೆಂದೂ ಇತ್ತು, ಜಗಳ ಆಡಬೇಕೆಂದೂ ಇತ್ತು. ಜಗಳವೇ ಮೊದಲು ಬಂತು.

“ನೀವು ನನಗೆ ಸುಳ್ಳು ಹೇಳಿದಿರಿ. ಹೊಂದುವುದಿಲ್ಲ ಅಂದಿರಿ,” ಎಂದೆ.

“ಹೊಂದುವುದಿಲ್ಲ ಎಂದು ಯಾರು ಹೇಳಿದರು?” ಎಂದರು ಅವರು. “ಕೊಡಲು ಆಗುವುದಿಲ್ಲ ಎಂದೆವು. ರಕ್ತ ಹೊಂದಬೇಕು, ಹೃದಯ ಗಟ್ಟಿ ಇರಬೇಕು, ಹಾಗೇ ಮನಸ್ಸೂ ಇರಬೇಕು ಕಾಕಾ. ಅದೊಂದು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದರೂ ಆಗುವುದಿಲ್ಲ. ಕಾರಣ ಹೇಳದಿರುವುದು ಅವರ ಹಕ್ಕು.”

“ನಾನು ಸತ್ತರೆ?”

ಅದರ ಬಗ್ಗೆ ತಾವೂ ಡಾಕ್ಟರೂ ಕೂತು ಬಹಳ ಮಾತಾಡಿದ್ದೇವೆ ಎಂದರು. ಒಂದು ಕಡೆ ನನ್ನ ಜೀವ. ಇನ್ನೊಂದು ಕಡೆ, ಯಾವ ರೋಗವೂ ಇಲ್ಲದ ಒಬ್ಬ ಹೆಂಗಸಿನ ಮೈ. ನನಗೆ ಡಯಾಲಿಸಿಸ್ ಇದೆ, ಕಾಯುವವರ ಪಟ್ಟಿ ಇದೆ, ಅಂದರೆ ದಾರಿ ಮುಚ್ಚಿಲ್ಲ. ಅವಳಿಗಾದರೋ ಒಮ್ಮೆ ಕೊಯ್ದ ಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. ‘ಅಣ್ಣ ಹೆಂಗ ಅಂತಾನ ಹಂಗ’ ಎಂದು ಶಾಂತವ್ವ ಅಂದು ಅಂದದ್ದನ್ನು ಪ್ರೆಸಿಲ್ಲಾ ಸಿಸ್ಟರ್ ಹಿಂದಿಗೆ ತಿರುಗಿಸಿ ಹೇಳಿದಾಗ, ಇದು ಅಣ್ಣನ ಉತ್ತರ, ತಂಗಿಯದು ಎಲ್ಲಿ ಎಂದು ತಾವು ಕೇಳಿದೆವು ಎಂದರು. ಆಮೇಲೆ ಮೇಜಿನ ಮೇಲೆ ಕೈ ಜೋಡಿಸಿಟ್ಟು, “ಈಗ ನೀವೊಂದು ಪ್ರಶ್ನೆಗೆ ಉತ್ತರ ಕೊಡಿ. ಬೇಡ ಎಂದದ್ದಕ್ಕೆ ನಿಮ್ಮ ತಂಗಿ ಇನ್ನು ಎಲ್ಲಿ ಇರಬೇಕು?” ಎಂದರು.

“ಮನೆಯಲ್ಲಿ,” ಎಂದೆ. ಅದನ್ನು ಹೇಳಲು ಅರವತ್ತಾರು ವರ್ಷದ ಗಂಡಸಿಗೆ ಮೂರು ದಿನ ಬೇಕಾಯಿತು.

“ಅದನ್ನು ನನಗೆ ಹೇಳಿ ಏನು ಉಪಯೋಗ?” ಎಂದು ನಕ್ಕರು.

ಆ ಭಾನುವಾರ ಪ್ರಕಾಶನನ್ನು ಮತ್ತೆ ಕರೆಸಿದೆ. ಎಲ್ಲರೂ ಕುಳಿತ ಮೇಲೆ ಶಾಂತವ್ವನನ್ನು ಅಡುಗೆಮನೆಯಿಂದ ಕರೆದು, ನನ್ನ ಎದುರು ಕುರ್ಚಿಯ ಮೇಲೆ ಕೂರಿಸಿದೆ. ಅವಳು ತುದಿಯಲ್ಲಿ ಕುಳಿತಳು.

“ಶಾಂತವ್ವ ಕೊಡೂದಿಲ್ಲ. ಯಾಕಂತ ಯಾರೂ ಕೇಳಬ್ಯಾಡ್ರಿ,” ಎಂದೆ. “ಈ ಮನಿ ಅಕಿದು. ನಾ ಇದ್ರೂ ಅಕಿದು, ಸತ್ರೂ ಅಕಿದು. ಪ್ರಕಾಶಾ, ನಿನಗೂ ಹೇಳಾಕತ್ತೀನಿ. ನಾಳೆ ನಾ ಇಲ್ಲದಾಗ ಅಕಿಗೆ ಒಂದು ಮಾತು ಅಂದ್ರ ನನಗ ಅಂದಂಗ.”

ಪ್ರಕಾಶನ ಮುಖ ಬಿಗಿಯಾಯಿತು. “ಪಪ್ಪಾ, ಮತ್ತ ನಿಂದು ಲೈಫ್?” ಎಂದ.

ಮಾತು ಎಲ್ಲಿ ಕೆಡುತ್ತದೋ ಎಂದು ಹೆದರಿದೆ. ಆದರೆ ಕಸ್ತೂರಿ, ಇಷ್ಟು ವರ್ಷ ನಾದಿನಿಯ ಮೇಲೆ ಅಧಿಕಾರ ನಡೆಸಿದ ಕಸ್ತೂರಿ, ಒಮ್ಮೆಲೇ ಬಾಯಿ ಬಿಟ್ಟಳು.

“ನನಗೂ ಕೇಳಿದ್ರ ನಾನೂ ಒಲ್ಲೆ ಅಂತಿದ್ದೆನೋ ಏನೋ. ನನ್ನ ಸಕ್ಕರಿ ನನ್ನ ಮಾನಾ ಕಾಯ್ತು.”

ಮೊದಲು ನಕ್ಕವಳು ಶಾಂತವ್ವ. ಆಮೇಲೆ ಎಲ್ಲರೂ ನಕ್ಕೆವು, ಎಲ್ಲರಿಗಿಂತ ಕೊನೆಗೆ ಪ್ರಕಾಶ. ನಗು ಮುಗಿದ ಮೇಲೆ ನಾನು ತಂಗಿಗೆ ಉಡಕಿಯ ವಿಷಯ ಹೇಳಿ ಎಲ್ಲರ ಎದುರಿಗೆ ಕೈ ಮುಗಿದೆ. ಅವಳು ಎದ್ದು ಬಂದು ನನ್ನ ಕೈಗಳನ್ನು ಕೆಳಗಿಳಿಸಿ, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟ್ರಂಕು ಎಳೆಯುವ ಸದ್ದು ಕೇಳಿತು. ಹೋಗಿ ನೋಡಿದರೆ, ಸೀರೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿ ಇಡುತ್ತಿದ್ದಳು.

ಅದಾಗಿ ಮೂರು ವರ್ಷ. ಪಟ್ಟಿಯಲ್ಲಿ ನನ್ನ ಹೆಸರಿದೆ, ಆದರೆ ನನ್ನ ವಯಸ್ಸಿಗೆ ಫೋನು ಬರುವುದು ಕಷ್ಟವೆಂದು ಡಾಕ್ಟರು ನಿಜವನ್ನೇ ಹೇಳಿದ್ದಾರೆ. ಡಯಾಲಿಸಿಸ್‌ನಲ್ಲಿ ಬದುಕುವುದು ಸುಲಭವಲ್ಲ. ಮುಗಿದ ದಿನ ಮೈ ಹಿಂಡಿದ ಬಟ್ಟೆಯಂತಿರುತ್ತದೆ. ಬೇಸಿಗೆಯಲ್ಲಿ ನೀರಿನ ಆಸೆ ಕನಸಿನಲ್ಲೂ ಬರುತ್ತದೆ. ಆದರೂ ಹೇಳುತ್ತೇನೆ, ನಾನು ಬದುಕಿದ್ದೇನೆ, ಚೆನ್ನಾಗಿಯೇ ಇದ್ದೇನೆ. ಮೊಮ್ಮಕ್ಕಳು ನನ್ನ ಕೈಗೆ ಕಿವಿಯಿಟ್ಟು ಗಿರಣಿ ಕೇಳುತ್ತಾರೆ. ಸೂಜಿ ಚುಚ್ಚುವ ಹುಡುಗಿ ಚುಚ್ಚುವ ಮೊದಲು ಪ್ರತಿ ಸಲ “ಚುಚ್ಚಲಾ ಕಾಕಾ?” ಎಂದು ಕೇಳುತ್ತಾಳೆ. ಬೇಡವೆಂದರೆ ಬದುಕುವುದಿಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಕೇಳುತ್ತಾಳೆ, ನಾನು ಹೂಂ ಎಂದ ಮೇಲೆಯೇ ಚುಚ್ಚುತ್ತಾಳೆ. ಹಾಗೆ ಕೇಳಿಸಿಕೊಳ್ಳುವುದು ಎಷ್ಟು ದೊಡ್ಡ ಸುಖವೆಂದು ಮೈ ಕೆಟ್ಟ ಮೇಲೆ ತಿಳಿಯಿತು.

ಅನುಜಾ ಮೇಡಂ, ಪ್ರೆಸಿಲ್ಲಾ ಸಿಸ್ಟರ್, ಆ ಚಿಕ್ಕ ಡಾಕ್ಟರು, ಇವರ ಋಣ ನನ್ನ ಮೇಲಿದೆ. ಅವರು ಅಂದು ಸುಮ್ಮನಿದ್ದು ಆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೆ ನಾನು ತಂಗಿಯ ಕಿಡ್ನಿ ಇಟ್ಟುಕೊಂಡು, ಒಳ್ಳೆಯ ಅಣ್ಣನೆಂದು ತಿಳಿದುಕೊಂಡೇ ಸಾಯುತ್ತಿದ್ದೆ.

ಇದನ್ನೆಲ್ಲ ಬರೆದ ಮೇಲೆ, ಜನ ಓದುವ ಮೊದಲು ಶಾಂತವ್ವನನ್ನು ಕೇಳಬೇಕಿತ್ತು. ಮೊನ್ನೆ ಅವಳನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿದೆ. ಊಟ-ಉಂಟಿನ ಕಡೆ ನಕ್ಕಳು. ಟ್ರಂಕಿನ ಮಾತು ಬಂದಾಗ ಕಪಾಟಿನತ್ತ ನೋಡಿದಳು. ಉಡಕಿಯ ವಿಷಯ ಬಂದ ಮೇಲೆ ನಾನು ಒಂದು ಸಾಲು ಬರೆದಿದ್ದೆ, ಆ ಹಳೆಯ ನೋವಿನಿಂದಲೇ ಅವಳು ಒಲ್ಲೆ ಎಂದಳು ಎಂದು. ಅಲ್ಲಿ ಅವಳು ನನ್ನನ್ನು ನಿಲ್ಲಿಸಿದಳು.

“ಅದನ್ನ ನಿನಗ ಯಾರು ಹೇಳ್ಯಾರ?”

“ಯಾರೂ ಹೇಳಿಲ್ಲ. ನನಗ ಹಂಗ ಅನಸ್ತು.”

“ನಾ ಹೇಳೀನೇನು?”

“ಇಲ್ಲ.”

“ಮತ್ತ?” ಎಂದಳು. “ನೀ ಮಾಡಿದ್ದು ನೀ ಬರಿ ಅಣ್ಣಾ, ಬ್ಯಾಡನ್ನೂದಿಲ್ಲ. ನಾ ಯಾಕ ಒಲ್ಲೆ ಅಂದೆ ಅನ್ನೂದು ನಂದು. ಅದು ನನ್ನ ಹಂತೇಕ ಇರಲಿ.”

ಆ ಸಾಲನ್ನು ಅವಳ ಎದುರಿಗೇ ಹೊಡೆದು ಹಾಕಿದೆ. ನನ್ನ ತಂಗಿ ಯಾಕೆ ಒಲ್ಲೆ ಎಂದಳೋ ನನಗೆ ಗೊತ್ತಿಲ್ಲ.